ಬಿಡಾರಕ್ಕೆ ತಕ್ಕ ಸ್ಥಳ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಬರೆಯತಕ್ಕ ಲೇಖನವು ಇಂಥದಾಗಿರಬೇಕೆಂಬ ಒಂದು ವಾಡಿಕೆ ನಮ್ಮ ಶಾಲೆಯಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಕಟ್ಟಡದ ಏಳಿಗೆ, ಪರೀಕ್ಷೆಯ ಫಲಿತಾಂಶ, ಹುಡುಗಿಯರ ನಡೆನುಡಿ, ಇವುಗಳ ವಿಷಯವಾಗಿ ನಾಲ್ಕು ಪುಟಗಳನ್ನು ತುಂಬಿಸಿದರೆ ಸಂಪಾದಕ ಮಂಡಲಿಯವರಿಗೂ ತೃಪ್ತಿ, ಓದದೆ ಪುಟ ಮಗುಚುವವರಿಗೂ ತೃಪ್ತಿ. ಈ ಸಾರಿ ನಾವು ಆ ವಾಡಿಕೆಯನ್ನು ಬಿಟ್ಟು, ಮೋಟಾರುಸೈಕಲಿನ ಮೇಲೆ ಪ್ರಯಾಣ ಮಾಡುವ ಹೆಂಗಸರು ರಾತ್ರಿಯ ಡೇರೆಗೆ ತಕ್ಕ ಸ್ಥಳವನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕೆಂಬುದನ್ನು ಕುರಿತು ಬರೆಯಬೇಕೆಂದಿದ್ದೇವೆ. ನಮಗೆ ಸ್ವಂತ ಮೋಟಾರುಸೈಕಲು ಇದೆಯೆಂಬುದು ಈ ಪುಟಗಳ ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿಯೇ. ತಿಳಿಯದವರು ಈಗ ಹುಬ್ಬುಗಂಟಿಕ್ಕಿಕೊಳ್ಳಬಹುದು. ಅವರಲ್ಲಿ ನಮ್ಮ ವಿನಂತಿ ಏನೆಂದರೆ, ಕಡೆಯ ತನಕ ಓದಿ ಆಮೇಲೆ ಗಂಟಿಕ್ಕಿಕೊಳ್ಳಲಿ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ ಉಂಟು. ಹೆತ್ತವರ ಸಭೆ ಮುಗಿದ ತರುವಾಯ ಒಬ್ಬ ತಾಯಿಯವರು ನಮ್ಮ ಕೋಣೆಗೆ ಬಂದರು. ಅವರ ಹಿರಿಯ ಮಗಳು ನಮ್ಮಲ್ಲಿಯೇ ಓದಿ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವಳು. ಆಕೆಯೂ ಇನ್ನಿಬ್ಬರು ಗೆಳತಿಯರೂ ಮೋಟಾರುಸೈಕಲಿನಲ್ಲಿ ಮಲೆನಾಡಿಗೆ ಹೋಗಿ ಎರಡು ರಾತ್ರಿ ಡೇರೆಯಲ್ಲಿ ಇರುವುದೆಂದು ನಿಶ್ಚಯಿಸಿದ್ದಾರೆ. ಸ್ಥಳವನ್ನು ಆರಿಸಿದ್ದು ಮೊಬೈಲು ನೋಡಿ. “ಟೀಚರ್, ಗುರುತೂ ಪರಿಚಯವೂ ಇಲ್ಲದವರು ಮೊಬೈಲಿನಲ್ಲಿ ಬರೆದದ್ದನ್ನು ನಂಬಿ ಹೆಣ್ಣುಮಕ್ಕಳು ಕಾಡಿನ ನಡುವೆ ಮಲಗಬಹುದೋ?” ಎಂದು ಅವರು ಕೇಳಿದರು. ಬೇಡವೆಂದರೆ ಮಗಳು ಹೇಳದೆಯೇ ಹೋಗುವಳೆಂಬ ಭಯ. ಹೋಗೆಂದರೆ ಎರಡು ರಾತ್ರಿ ತಮಗೆ ನಿದ್ರೆಯಿಲ್ಲವೆಂಬ ಭಯ. ಇಂಥ ತಾಯಂದಿರು ಆ ಒಬ್ಬರೇ ಅಲ್ಲವೆಂಬುದನ್ನು ನಾವು ಬಲ್ಲೆವು.

ನಾವು ಕೊಟ್ಟ ಉತ್ತರ ಇಷ್ಟೇ: ಅಪರಿಚಿತರ ಮಾತನ್ನು ನಂಬಬಹುದು, ಆದರೆ ಅದನ್ನು ಓದಲು ಬರಬೇಕು. ಆ ಓದುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಹೇಳುತ್ತೇವೆ.

ನಾವು ನಾಲ್ವರು ಕೂಡಿ ಹೊರಡುವುದುಂಟು. ನಾವು, ನಮ್ಮ ವ್ಯಾಯಾಮ ಶಿಕ್ಷಕಿ, ಇಬ್ಬರು ಹಳೆಯ ವಿದ್ಯಾರ್ಥಿನಿಯರು. ಇವರಲ್ಲಿ ಒಬ್ಬಳು ಆಸ್ಪತ್ರೆಯಲ್ಲಿ ದಾದಿ, ಇನ್ನೊಬ್ಬಳು ಬ್ಯಾಂಕಿನಲ್ಲಿ ಕೆಲಸದವಳು. ದಸರಾ ರಜೆ, ಕ್ರಿಸ್ಮಸ್ ರಜೆ, ಇಲ್ಲವೆ ಬೇಸಿಗೆಯ ರಜೆಯ ಮೊದಲ ವಾರ, ಇವೇ ನಮ್ಮ ಕಾಲ. ಕರಾವಳಿಯವರಾದ ನಮಗೆ ಎಲ್ಲಿಗೆ ಹೋಗುವುದಾದರೂ ಮೊದಲು ಘಟ್ಟ ಹತ್ತಬೇಕು. ಚಾರ್ಮಾಡಿಯನ್ನು ಹತ್ತಿದರೆ ಕೊಟ್ಟಿಗೆಹಾರ, ಮೂಡಿಗೆರೆ. ಶಿರಾಡಿಯನ್ನು ಹತ್ತಿದರೆ ಸಕಲೇಶಪುರ. ಆಗುಂಬೆಯನ್ನು ಹತ್ತಿದರೆ ತೀರ್ಥಹಳ್ಳಿ. ವಸತಿಗೃಹಗಳಿಲ್ಲವೋ ಎಂದರೆ ಇವೆ. ಆದರೆ “ಗಂಡಸರು ಯಾರೂ ಜೊತೆಗಿಲ್ಲವೋ?” ಎಂಬ ಪ್ರಶ್ನೆಗೆ ಪ್ರತಿಸಾರಿಯೂ ಉತ್ತರ ಹೇಳಿ ಹೇಳಿ ನಮಗೆ ಬೇಸರವಾಗಿದೆ. ಅದಲ್ಲದೆ ಮಲೆನಾಡಿನಲ್ಲಿ ಈಗ ಡೇರೆಯ ವಸತಿ ಎಂದರೆ ಹೆಚ್ಚಾಗಿ ನಿರ್ಜನವಾದ ಕಾಡಲ್ಲ. ಕಾಫಿತೋಟದ ಮನೆಯವರು ತಮ್ಮ ಜಾಗದಲ್ಲಿ ಐದಾರು ಡೇರೆಗಳನ್ನು ಹಾಕಿ, ಇಲ್ಲವೆ ನಮ್ಮ ಡೇರೆಗೆ ನೆಲಕೊಟ್ಟು, ರಾತ್ರಿ ಊಟವನ್ನೂ ಬೆಳಗ್ಗೆ ಕಡುಬನ್ನೋ ಅಕ್ಕಿರೊಟ್ಟಿಯನ್ನೋ ಒದಗಿಸುತ್ತಾರೆ. ಒಳ್ಳೆಯ ಮನೆ ಸಿಕ್ಕಿದರೆ ಅದರಷ್ಟು ಸುಖ ಮತ್ತೊಂದಿಲ್ಲ. ಸಿಕ್ಕದಿದ್ದರೆ ಕತ್ತಲಲ್ಲಿ ಮತ್ತೊಂದು ಸ್ಥಳವನ್ನು ಹುಡುಕುವ ಪಾಡು ಹೆಂಗಸರಿಗೆ ಬರಬಾರದು.

ಹಿಂದೆ ಪ್ರವಾಸಿ ಬಂಗಲೆಗಳಲ್ಲಿ ಒಂದು ದಪ್ಪ ಪುಸ್ತಕವಿರುತ್ತಿತ್ತು. ತಂಗಿದವರು ಹೊರಡುವಾಗ ತಮ್ಮ ಹೆಸರನ್ನೂ ತಾರೀಕನ್ನೂ ಬರೆದು, ಅಡಿಗೆಯವನ ಸಾರು ಚೆನ್ನಾಗಿತ್ತೆಂದೋ ಸೊಳ್ಳೆಪರದೆ ಹರಿದಿದೆಯೆಂದೋ ಒಂದು ಸಾಲು ಸೇರಿಸುತ್ತಿದ್ದರು. ಆ ಪುಸ್ತಕದ ದೋಷವೇನೆಂದರೆ, ಅದನ್ನು ಓದಬೇಕಾದರೆ ಬಂಗಲೆಗೆ ಬಂದೇ ಓದಬೇಕು. ಬಂದ ಮೇಲೆ ಓದಿ ಪ್ರಯೋಜನವೇನು? ಈಗ ಗೂಗಲ್ ನಕಾಶೆಯಲ್ಲಿ ಸ್ಥಳದ ಹೆಸರನ್ನು ಒತ್ತಿದರೆ ಆ ಪುಸ್ತಕವೇ ಮನೆಯಲ್ಲಿ ಕುಳಿತವರ ಕೈಗೆ ಬರುತ್ತದೆ. ಒಂದರಿಂದ ಐದರ ತನಕ ನಕ್ಷತ್ರ, ಅದರ ಕೆಳಗೆ ಬಂದುಹೋದವರ ಒಕ್ಕಣೆ, ಅವರು ತೆಗೆದ ಚಿತ್ರಗಳು.

ಗುರುತು ಹಾಕಿ ಅಂತಸ್ತು ತೋರಿಸುವ ಈ ಪದ್ಧತಿಯನ್ನು ಗಂಡಸರ ಉಪಜ್ಞೆಯೆಂದು ಎಣಿಸಬೇಡಿರಿ. ಮರಿಯಾನ ಸ್ಟಾರ್ಕ್ ಎಂಬ ಇಂಗ್ಲಿಷ್ ಮಹಿಳೆ ಬರೆದು 1820ರಲ್ಲಿ ಲಂಡನಿನ ಜಾನ್ ಮರೇ ಪ್ರಕಟಿಸಿದ ಯೂರೋಪಿನ ಪ್ರವಾಸಗ್ರಂಥದಲ್ಲಿ, ನೋಡತಕ್ಕ ವಸ್ತುಗಳ ಮುಂದೆ ಅವುಗಳ ಯೋಗ್ಯತೆಗೆ ಅನುಸಾರವಾಗಿ ಒಂದು, ಎರಡು, ಮೂರು ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕಲಾಗಿತ್ತು. ನಕ್ಷತ್ರಗಳು ಆಮೇಲೆ ಬಂದುವು. ಇನ್ನು ಮೋಟಾರುಸೈಕಲಿನ ವಿಷಯಕ್ಕೆ ಬಂದರೆ, 1934ರ ಡಿಸೆಂಬರಿನಲ್ಲಿ ಥೆರೆಸಾ ವಾಲಕ್, ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಯುವತಿಯರು ಲಂಡನಿನಿಂದ ಹೊರಟು, 600 ಸಿ.ಸಿ.ಯ ಪ್ಯಾಂಥರ್ ಗಾಡಿಗೆ ಪಕ್ಕದ ತೊಟ್ಟಿಲನ್ನೂ ಹಿಂದೆ ಒಂದು ಬಂಡಿಯನ್ನೂ ಕಟ್ಟಿಕೊಂಡು, ಸಹಾರಾ ಮರುಭೂಮಿಯನ್ನು ದಾಟಿ 1935ರಲ್ಲಿ ಆಫ್ರಿಕದ ದಕ್ಷಿಣದ ಕೇಪ್ ಟೌನನ್ನು ಮುಟ್ಟಿದರು. ಅವರಿಗೆ ಮುಂದಿನ ಬಿಡಾರ ಹೇಗಿದೆಯೆಂದು ಹೇಳುವ ಒಕ್ಕಣೆ ಯಾವುದೂ ಇರಲಿಲ್ಲ. ನಮ್ಮ ಹುಡುಗಿಯರಿಗೆ ಮೂಡಿಗೆರೆಯ ತನಕ ಹೋಗಲು ಅಷ್ಟೊಂದು ಧೈರ್ಯ ಬೇಡ, ವಿವೇಕ ಸಾಕು.

ಒಕ್ಕಣೆಗಳನ್ನು ಓದುವುದಕ್ಕೂ ಉತ್ತರಪತ್ರಿಕೆಗಳನ್ನು ತಿದ್ದುವುದಕ್ಕೂ ಬಹಳ ಸಾಮ್ಯವುಂಟು. ಇಪ್ಪತ್ತು ವರ್ಷ ಪತ್ರಿಕೆ ತಿದ್ದಿದವಳಿಗೆ ಯಾವುದು ನೆರೆಯವಳನ್ನು ನೋಡಿ ಬರೆದದ್ದು, ಯಾವುದು ಗೊತ್ತಿಲ್ಲದೆ ಪುಟ ತುಂಬಿಸಿದ್ದು, ಯಾವುದು ನಿಜವಾಗಿ ಕಂಡು ಬರೆದದ್ದು ಎಂಬುದು ಎರಡು ಸಾಲಿನಲ್ಲಿಯೇ ತಿಳಿಯುತ್ತದೆ. “ಬಹಳ ಸುಂದರವಾದ ಸ್ಥಳ, ಎಲ್ಲರೂ ಒಮ್ಮೆ ನೋಡಲೇಬೇಕು” ಎಂಬ ವಾಕ್ಯವನ್ನು ಆ ಸ್ಥಳಕ್ಕೆ ಕಾಲಿಡದವರೂ ಬರೆಯಬಲ್ಲರು. “ಬಚ್ಚಲು ಡೇರೆಯಿಂದ ಐವತ್ತು ಹೆಜ್ಜೆ ದೂರ, ದಾರಿಯಲ್ಲಿ ದೀಪವಿಲ್ಲ” ಎಂದು ಬರೆದವಳು ಆ ಐವತ್ತು ಹೆಜ್ಜೆಗಳನ್ನು ರಾತ್ರಿ ಎಣಿಸಿದವಳೇ ಸರಿ. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಅಳತೆ, ಹೊತ್ತು, ವಸ್ತು ಇವುಗಳ ಹೆಸರನ್ನು ಹೇಳುವ ಮಾತಿಗೆ ನಾವು ಹೆಚ್ಚು ಅಂಕ ಕೊಡುತ್ತೇವೆ.

ನಕ್ಷತ್ರಗಳ ಸರಾಸರಿಗೆ ಮರುಳಾಗಬಾರದು. ಇದು ಎಂಟನೆಯ ತರಗತಿಯ ಲೆಕ್ಕ. ಹತ್ತು ಮಂದಿ ತಲಾ ಐದು ಕೊಟ್ಟ ಸ್ಥಳದ ಸರಾಸರಿ 5; ಹನ್ನೊಂದನೆಯವರೂ ಹನ್ನೆರಡನೆಯವರೂ ಒಂದೊಂದೇ ಕೊಟ್ಟರೆ ಅದು ಕೂಡಲೆ 4.3ಕ್ಕೆ ಇಳಿಯುತ್ತದೆ. ಐನೂರು ಮಂದಿಯಿಂದ 4.3 ಪಡೆದ ಸ್ಥಳಕ್ಕೆ ಅದೇ ಇಬ್ಬರು ಒಂದೊಂದು ಕೊಟ್ಟರೆ ಅದು 4.3ರಲ್ಲಿಯೇ ನಿಂತಿರುತ್ತದೆ. ಆದುದರಿಂದ ಸ್ವಲ್ಪ ಮಂದಿಯ ಐದಕ್ಕಿಂತ ಬಹಳ ಮಂದಿಯ ನಾಲ್ಕೂಕಾಲು ಗಟ್ಟಿ. ಆ ಹತ್ತು ಮಂದಿಯಲ್ಲಿ ಆರು ಮಂದಿ ಯಜಮಾನನ ಭಾವಮೈದುನಂದಿರಾಗಿರಬಹುದೆಂಬುದೂ ನೆನಪಿರಲಿ. ಒಂದೇ ವಾರದಲ್ಲಿ, ಒಂದೇ ಮಾತುಗಳಲ್ಲಿ, ಬೇರೆಲ್ಲಿಯೂ ಏನನ್ನೂ ಬರೆಯದವರ ಹೆಸರಿನಲ್ಲಿ ಹೊಗಳಿಕೆಯ ಮಳೆ ಸುರಿದಿದ್ದರೆ ಅದು ಕೂಲಿಯ ಹೊಗಳಿಕೆ. ಈ ಪಿಡುಗು ದೊಡ್ಡದಾದುದರಿಂದಲೇ ಭಾರತೀಯ ಮಾನಕ ಬ್ಯೂರೋದವರು 2022ರ ನವೆಂಬರಿನಲ್ಲಿ ಗಿರಾಕಿಗಳ ಅಂತರ್ಜಾಲ ಒಕ್ಕಣೆಗಳಿಗೆಂದೇ ಐ.ಎಸ್. 19000 ಎಂಬ ನಿಯಮಾವಳಿಯನ್ನು ಹೊರಡಿಸಿದರು. ಅದನ್ನು ಅನುಸರಿಸುವುದು ಆಯಾ ಕಂಪೆನಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. ಆದಕಾರಣ ಓದುವವಳು ತನ್ನ ಕಣ್ಣನ್ನು ತಾನೇ ತೆರೆದಿಟ್ಟುಕೊಳ್ಳುವುದು ಲೇಸು.

ಮುಂದಿನದು ತಿಂಗಳು. ಘಟ್ಟದ ಮೇಲಿನ ಯಾವ ಸ್ಥಳವೂ ವರ್ಷವಿಡೀ ಒಂದೇ ಸ್ಥಳವಾಗಿರುವುದಿಲ್ಲ. ಜನವರಿಯಲ್ಲಿ ಬರೆದ “ಸಮತಟ್ಟಾದ ಹುಲ್ಲುನೆಲ” ಜುಲೈಯಲ್ಲಿ ಉಂಬಳಗಳ ರಾಜ್ಯ. ಏಪ್ರಿಲಿನಲ್ಲಿ ಕಾರು ಸಲೀಸಾಗಿ ಹೋದ ಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ, ಸಾಮಾನು ಹೇರಿದ ಸುಮಾರು ಇನ್ನೂರು ಕಿಲೋಗ್ರಾಂ ತೂಕದ ಮೋಟಾರುಸೈಕಲು ಸೋಪಿನ ಮೇಲೆ ನಿಂತಂತೆ ಜಾರುತ್ತದೆ. ಹಾಗಾಗಿ ನಾವು ಹೋಗತಕ್ಕ ತಿಂಗಳಿನಲ್ಲಿಯೇ ಹಿಂದಿನ ವರ್ಷಗಳಲ್ಲಿ ಬರೆದವುಗಳನ್ನು ಹುಡುಕಿ ಓದುತ್ತೇವೆ. ಬರೆದವರ ವಾಹನ ಯಾವುದೆಂಬುದನ್ನೂ ನೋಡುತ್ತೇವೆ. ಜೀಪಿನಲ್ಲಿ ಹೋದವರು ಕಡೆಯ ಮೂರು ಕಿಲೋಮೀಟರು ದಾರಿಯನ್ನು “ಸ್ವಲ್ಪ ಸಾಹಸಮಯ” ಎನ್ನುವರು. ಎರಡು ಚಕ್ರದವರ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿದೆ. ಶಾಲೆಯ ಸಂಚಿಕೆಯಲ್ಲಿ ಅದನ್ನು ಅಚ್ಚುಹಾಕಿಸಲಾಗದು.

ಇಂಥ ಮಾತುಗಳಿಗೆ ಒಂದು ಸಣ್ಣ ನಿಘಂಟನ್ನೇ ನಮ್ಮ ಬ್ಯಾಂಕಿನ ಹುಡುಗಿ ಮಾಡಿಟ್ಟಿದ್ದಾಳೆ. “ನಗರದ ಗದ್ದಲದಿಂದ ದೂರ” ಎಂದರೆ ಮೊಬೈಲಿಗೆ ಸಂಕೇತ ಬಾರದು. “ಪ್ರಕೃತಿಯ ಮಡಿಲಲ್ಲಿ” ಎಂದರೆ ವಿದ್ಯುತ್ತಿಲ್ಲ. “ಮಿತ್ರರ ಗುಂಪಿಗೆ ಹೇಳಿ ಮಾಡಿಸಿದಂತಿದೆ” ಎಂದರೆ ರಾತ್ರಿ ಎರಡು ಗಂಟೆಯ ತನಕ ಹಾಡು, ಕುಣಿತ, ಅದಕ್ಕೆ ತಕ್ಕ ಪಾನೀಯ. ಈ ಮೂರನೆಯದನ್ನು ಕಂಡ ಸ್ಥಳವನ್ನು ನಾವು ಕೂಡಲೆ ಬಿಟ್ಟುಬಿಡುತ್ತೇವೆ. ಮೊದಲಿನ ಎರಡನ್ನು ಸಹಿಸಬಹುದು, ಮನೆಯವರಿಗೆ ಮುಂಚಿತವಾಗಿ ಹೇಳಿ ಹೋದರೆ.

ಹೆಂಗಸರು ಬರೆದ ಒಕ್ಕಣೆಗಳನ್ನು ನಾವು ಬೇರೆಯಾಗಿಯೇ ಓದುತ್ತೇವೆ. ಗಂಡಸರು ಸುಳ್ಳು ಬರೆಯುತ್ತಾರೆಂದು ಇದರ ಅರ್ಥವಲ್ಲ. ಅವರ ಕಣ್ಣಿಗೆ ಕೆಲವು ವಸ್ತುಗಳು ಬೀಳುವುದೇ ಇಲ್ಲ. ಒಮ್ಮೆ ಮೂಡಿಗೆರೆಯ ಕಡೆಗೆ ಎರಡು ಸ್ಥಳಗಳನ್ನು ಗುರುತುಮಾಡಿದ್ದೆವು. ಒಂದಕ್ಕೆ 4.8, ಕಣ್ಣು ಕೋರೈಸುವ ಚಿತ್ರಗಳು, ಬೆಟ್ಟದ ಅಂಚಿನಲ್ಲಿ ಸಾಲು ಡೇರೆಗಳು, ಮಂಜು. ಇನ್ನೊಂದಕ್ಕೆ 4.2, ಹೆಂಚಿನ ಮನೆಯ ಹಿಂದಿನ ಅಂಗಳ, ಚಿತ್ರಗಳಲ್ಲಿ ಒಂದು ನಾಯಿಯೂ ಒಣಹಾಕಿದ ಬಟ್ಟೆಯೂ. ಕಿರಿಯರಿಬ್ಬರಿಗೂ ಮೊದಲನೆಯದರ ಮೇಲೆಯೇ ಮನಸ್ಸು. ನೂರಾರು ಹೊಗಳಿಕೆಗಳ ನಡುವೆ ಒಬ್ಬ ಹೆಂಗಸು ಮೂರು ನಕ್ಷತ್ರ ಕೊಟ್ಟು ಎರಡೇ ಸಾಲು ಬರೆದಿದ್ದಳು: ನೋಟ ಚೆನ್ನಾಗಿದೆ, ಪಾಯಿಖಾನೆಯ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ, ಹೇಳಿದರೆ ಕೆಲಸದವರು ನಕ್ಕರು. ಆ “ನಕ್ಕರು” ಎಂಬ ಮಾತನ್ನು ವ್ಯಾಯಾಮ ಶಿಕ್ಷಕಿ ಎರಡು ಸಾರಿ ಗಟ್ಟಿಯಾಗಿ ಓದಿದಳು. ಚಿಲಕ ಇಲ್ಲದಿರುವುದು ಬಡತನವಿರಬಹುದು, ಮರೆವೂ ಇರಬಹುದು, ನಗು ಹಾಗಲ್ಲ. ಕಿರಿಯರು ಮತ್ತೆ ವಾದ ಮಾಡಲಿಲ್ಲ. ಎರಡನೆಯ ಸ್ಥಳದ ಬಗ್ಗೆ, ಮಕ್ಕಳೊಡನೆ ಬಂದಿದ್ದ ತಾಯಿಯೊಬ್ಬಳು “ಮನೆಯ ಅಜ್ಜಿ ರಾತ್ರಿ ಟಾರ್ಚು ಹಿಡಿದು ಬಚ್ಚಲಿನ ತನಕ ಜೊತೆಗೆ ಬಂದರು” ಎಂದು ಬರೆದಿದ್ದಳು. ಅಲ್ಲಿಗೇ ಹೋದೆವು. ಆ ಅಜ್ಜಿ ನಮ್ಮ ಜೊತೆಗೂ ಬಂದರು. ಟಾರ್ಚಿನ ಬ್ಯಾಟರಿ ಮಾತ್ರ ನಮ್ಮದು.

ಒಕ್ಕಣೆ ಎಷ್ಟೇ ಚೆನ್ನಾಗಿರಲಿ, ಫೋನು ಮಾಡದೆ ಹೊರಡಕೂಡದು. ಫೋನಿನಲ್ಲಿ ನಾವು ಕೇಳುವುದು ಬೆಲೆಯನ್ನಲ್ಲ. ಮನೆಯವರು ರಾತ್ರಿ ಅಲ್ಲಿಯೇ ಮಲಗುವರೋ, ಆ ದಿನ ಬೇರೆ ಯಾರು ಬರುತ್ತಾರೆ, ವಾಹನವನ್ನು ಡೇರೆಗೆ ಕಾಣುವಂತೆ ನಿಲ್ಲಿಸಬಹುದೋ, ಹತ್ತಿರದ ಪೆಟ್ರೋಲು ಎಲ್ಲಿ, ಹತ್ತಿರದ ಆಸ್ಪತ್ರೆ ಎಲ್ಲಿ, ಇಷ್ಟನ್ನು ಕೇಳುತ್ತೇವೆ. ಸಾಧ್ಯವಾದರೆ ಮನೆಯ ಹೆಂಗಸರೊಡನೆಯೇ ಮಾತಾಡುತ್ತೇವೆ. “ಬನ್ನಿ ಅಕ್ಕಾ, ನಾವೆಲ್ಲ ಮನೆಯಲ್ಲೇ ಇರ್ತೀವಿ” ಎಂಬ ಒಂದು ಮಾತಿನ ಧ್ವನಿ ಐವತ್ತು ನಕ್ಷತ್ರಗಳು ಹೇಳಲಾರದುದನ್ನು ಹೇಳಿಬಿಡುತ್ತದೆ.

ಇನ್ನು ಒಕ್ಕಣೆಗಳು ಹೇಳದಿರುವ ಸಂಗತಿಗಳು. ಇವೇ ಎಲ್ಲಕ್ಕಿಂತಲೂ ಮುಖ್ಯವಾದವು. ಯಾಕಂದರೆ ಬರೆಯುವವರು ಸಾಮಾನ್ಯವಾಗಿ ಒಂದು ರಾತ್ರಿಯ ಅತಿಥಿಗಳು. ಆ ಒಂದು ರಾತ್ರಿಯಲ್ಲಿ ಏನೂ ಆಗದಿದ್ದರೆ ಸ್ಥಳವು ಕ್ಷೇಮವೆಂದೇ ಅವರು ತಿಳಿಯುವರು. ಆನೆಯು ಒಕ್ಕಣೆ ಬರೆಯುವುದಿಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆ ಸೀಮೆಯ ಕಾಫಿತೋಟಗಳಲ್ಲಿ ಕಾಡಾನೆಗಳ ಓಡಾಟ ಬಹುಕಾಲದ ತೊಂದರೆ. ಹಲಸು ಹಣ್ಣಾಗುವ ಕಾಲದಲ್ಲಿ ಹಲಸಿನ ಮರದ ಕೆಳಗೆ ಡೇರೆ ಹಾಕುವವರಿಗೆ ಆ ಊರಿನವರು ಬುದ್ಧಿ ಹೇಳಿಯಾರು, ಮೊಬೈಲು ಹೇಳದು. 2021ರ ಜನವರಿಯಲ್ಲಿ ನೆರೆಯ ವಯನಾಡಿನ ಮೇಪ್ಪಾಡಿಯ ಬಳಿ, ಕಾಡಂಚಿನ ಡೇರೆಯ ವಸತಿಯಲ್ಲಿ ತಂಗಿದ್ದ ಒಬ್ಬ ಯುವತಿಯನ್ನು ಕಾಡಾನೆ ಕೊಂದಿತು. ವಿಹಾರಕ್ಕೆ ಬಂದಿದ್ದವಳು. ನಮ್ಮ ದಾದಿ ಹುಡುಗಿ ಪ್ರತಿಸಾರಿ ಹೊರಡುವ ಮುಂಚೆ ಇದನ್ನು ನೆನಪಿಸುತ್ತಾಳೆ, ಅದಕ್ಕಾಗಿ ನಾವು ಅವಳ ಮೇಲೆ ಸಿಟ್ಟುಮಾಡುವುದಿಲ್ಲ. ಆದುದರಿಂದ ಹತ್ತಿರದ ಅಂಗಡಿಯಲ್ಲಿ ಚಹಾ ಕುಡಿಯುವಾಗ “ಈಗ ಆನೆ ಯಾವ ಕಡೆ ಇವೆ?” ಎಂದು ಕೇಳುವುದು ನಮ್ಮ ಪದ್ಧತಿ. ಆ ಪ್ರಶ್ನೆಗೆ ಮಲೆನಾಡಿನಲ್ಲಿ ಯಾರೂ ನಗುವುದಿಲ್ಲ.

ಕಾನೂನಿನ ಮಾತೂ ಹಾಗೆಯೇ. ಯಾರೋ ಇಬ್ಬರು ಅಭಯಾರಣ್ಯದೊಳಗೆ, ಹೊಳೆಯ ದಂಡೆಯಲ್ಲಿ, ಗುಟ್ಟಾಗಿ ಡೇರೆ ಹಾಕಿ ಅದರ ಚಿತ್ರವನ್ನು ಮೊಬೈಲಿನಲ್ಲಿ ಮೆರೆಸಿರುವರು. ಅದು ಬಿಡಾರದ ಸ್ಥಳವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯವನ್ನೂ ರಾಷ್ಟ್ರೀಯ ಉದ್ಯಾನವನ್ನೂ ಅಪ್ಪಣೆಯಿಲ್ಲದೆ ಹೊಕ್ಕು ತಂಗುವುದು ಅಪರಾಧ. ಅರಣ್ಯದ ನಡುವೆ ಹಾದುಹೋಗುವ ದಾರಿಗಳ ವೇಳೆಯನ್ನೂ ಮೊದಲೇ ತಿಳಿದಿರಬೇಕು. ಬಂಡೀಪುರದ ದಾರಿಯಲ್ಲಿ 2009ರಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಸಂಚಾರವನ್ನು ತಡೆದದ್ದು ವಾಚಕರಿಗೆ ತಿಳಿದೇ ಇದೆ.

ಸ್ಥಳವನ್ನು ಸೇರುವುದು ನಾಲ್ಕು ಗಂಟೆಗೆ, ಬೆಳಕಿರುವಾಗ. ಸೇರಿದ ಕೂಡಲೆ ಸಾಮಾನು ಇಳಿಸುವುದಿಲ್ಲ. ಒಬ್ಬಳು ವಾಹನಗಳ ಬಳಿ ನಿಲ್ಲುತ್ತಾಳೆ, ಮೂವರು ಸುತ್ತಿ ನೋಡಿ ಬರುತ್ತೇವೆ. ನೀರು ಯಾವ ಕಡೆಯಿಂದ ಇಳಿದು ಯಾವ ಕಡೆಗೆ ಹೋಗುತ್ತದೆ, ಮೇಲೆ ಒಣಗಿದ ಕೊಂಬೆ ಇದೆಯೋ, ಹಿಂದೆ ಕಡಿದ ಗುಡ್ಡವಿದೆಯೋ. ಮೋಟಾರುಸೈಕಲಿನ ಪಕ್ಕದ ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಟೆ ಕಲ್ಲು ಇಡತಕ್ಕದ್ದು, ಇಲ್ಲವಾದರೆ ಒದ್ದೆ ಮಣ್ಣಿನಲ್ಲಿ ಅದು ರಾತ್ರಿ ಹೂತು ಗಾಡಿ ಮಗುಚುವುದು. ವಾಹನದ ಮೂತಿ ದಾರಿಯ ಕಡೆಗೆ ಇರಬೇಕು. ಎರಡನೆಯ ಸ್ಥಳದ ಫೋನು ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡಿರಬೇಕು, ಯಾಕಂದರೆ ಬೇಕಾದಾಗ ಮೊಬೈಲಿಗೆ ಸಂಕೇತ ಇರುವುದಿಲ್ಲ. ಮನಸ್ಸಿಗೆ ಸರಿಬಾರದಿದ್ದರೆ ಕೊಟ್ಟ ಮುಂಗಡವನ್ನು ಬಿಟ್ಟು ಹೊರಟುಬಿಡಬೇಕು. ಮುನ್ನೂರು ರೂಪಾಯಿಯ ಆಸೆಗೆ ನಿಂತವರ ಕಥೆಗಳನ್ನು ನಾವು ಕೇಳಿದ್ದೇವೆ. ಮನೆಯಲ್ಲಿ ಹೆತ್ತವರ ಬಳಿಯೂ ಇದೇ ಕಾಗದದ ಒಂದು ಪ್ರತಿ ಇರಲಿ ಎಂದು ಆ ತಾಯಿಯವರಿಗೆ ನಾವು ಒತ್ತಿ ಹೇಳಿದೆವು. ಮಗಳು ಹೋಗುವುದನ್ನು ತಡೆಯುವುದಕ್ಕಿಂತ ಆ ಕಾಗದವನ್ನು ಕೇಳಿ ಪಡೆಯುವುದು ಸುಲಭ.

ಓದುವ ವಿಷಯ ಇಷ್ಟಾಯಿತು. ಬರೆಯುವ ವಿಷಯ ಇದಕ್ಕಿಂತ ಕಠಿಣವಾದುದು.

2024ರ ದಸರಾ ರಜೆಯಲ್ಲಿ ನಾವು ನಾಲ್ವರು ಸಕಲೇಶಪುರ ತಾಲ್ಲೂಕಿನ ಒಂದು ಮನೆಯಲ್ಲಿ ತಂಗಿದೆವು. ಸಣ್ಣ ತೋಟ, ಗಂಡ ಹೆಂಡತಿ, ಹೈಸ್ಕೂಲು ಓದುವ ಒಬ್ಬ ಮಗಳು. ಒಕ್ಕಣೆಗಳೆಲ್ಲ ಮನೆಯಾಕೆಯ ಕೈರುಚಿಯನ್ನೂ ಸತ್ಕಾರವನ್ನೂ ಹೊಗಳಿದ್ದುವು, ಅದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಡೇರೆಗಳು ಹಳ್ಳದ ದಂಡೆಯ ಹುಲ್ಲಿನ ಮೇಲಿದ್ದುವು. ಸುತ್ತಿ ನೋಡಿದಾಗ, ಪೊದೆಯ ಬುಡದಲ್ಲಿ ಮೊಳಕಾಲೆತ್ತರಕ್ಕೆ ಕಸಕಡ್ಡಿ ಸಿಕ್ಕಿಕೊಂಡಿರುವುದು ದಾದಿ ಹುಡುಗಿಯ ಕಣ್ಣಿಗೆ ಬಿತ್ತು. ನೀರು ಅಲ್ಲಿಯ ತನಕ ಏರಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ರಾತ್ರಿಯ ಹೊತ್ತು ಗುಡ್ಡ ಕುಸಿದು, ಮಣ್ಣು ನೀರುಗಳು ಹೊಳೆಯ ಜಾಡು ಹಿಡಿದು ಬಂದು ಇನ್ನೂರಕ್ಕೂ ಹೆಚ್ಚು ಜನರನ್ನು ನಿದ್ದೆಯಲ್ಲಿಯೇ ಕೊಂಡೊಯ್ದು ಮೂರು ತಿಂಗಳೂ ತುಂಬಿರಲಿಲ್ಲ. ನಮ್ಮ ಡೇರೆಗಳನ್ನು ಮನೆಯ ಹಿಂದಿನ ದಿಬ್ಬದ ಮೇಲೆ ಹಾಕಿಕೊಳ್ಳಲು ಅಪ್ಪಣೆ ಕೇಳಿದೆವು. ಯಜಮಾನರು, “ಮಳೆಗಾಲ ಮುಗೀತಲ್ಲ ಅಮ್ಮಾ” ಎಂದು ಹೇಳಿ, ಒಲ್ಲದ ಮನಸ್ಸಿನಿಂದ ಒಪ್ಪಿದರು. ರಾತ್ರಿ ಹತ್ತಕ್ಕೆ ಗುಡುಗಿನ ಮಳೆ ಹಿಡಿಯಿತು. ಹನ್ನೊಂದೂವರೆಗೆ ಟಾರ್ಚು ಬಿಟ್ಟು ನೋಡಿದಾಗ ಕೆಳಗಿನ ಖಾಲಿ ಡೇರೆಗಳಲ್ಲಿ ಎರಡರೊಳಗೆ ನೀರು ಆಡುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಮಳೆಯಲ್ಲಿ ಓಡಿಬಂದು ನಮ್ಮನ್ನು ಮನೆಯ ಪಡಸಾಲೆಗೆ ಕರೆದೊಯ್ದು, ಕಾಫಿ ಕಾಯಿಸಿ ಕೊಟ್ಟು, ತಮ್ಮ ಕಂಬಳಿಗಳನ್ನು ಹೊದಿಸಿ, ತಾವು ಅಡಿಗೆಮನೆಯಲ್ಲಿ ಮಲಗಿದರು.

ಬೆಳಗ್ಗೆ ಹೊರಡುವಾಗ ಮನೆಯಾಕೆ ನಮ್ಮ ಕೈ ಹಿಡಿದುಕೊಂಡು, “ಟೀಚರಮ್ಮಾ, ಐದು ಸ್ಟಾರು ಹಾಕಿ. ಕಾಫಿಯಲ್ಲಿ ಈ ವರ್ಷ ಏನೂ ಇಲ್ಲ. ಮಗಳ ಫೀಸು ಇದರಲ್ಲೇ ಆಗಬೇಕು” ಅಂದಳು. ಹುಡುಗಿ ಬಾಗಿಲಲ್ಲಿ ಶಾಲೆಯ ಚೀಲ ಹಾಕಿಕೊಂಡು ನಿಂತಿದ್ದಳು. ರಜೆಯಲ್ಲಿಯೂ ಪಾಠಕ್ಕೆ ಹೋಗುವವಳು.

ಘಟ್ಟ ಇಳಿಯುವ ಮೊದಲು ಚಹಾದ ಅಂಗಡಿಯಲ್ಲಿ ನಾವು ನಾಲ್ವರೂ ಒಂದು ಗಂಟೆ ಕಾಲ ವಾದಿಸಿದೆವು. ಬ್ಯಾಂಕಿನವಳು, ಏನನ್ನೂ ಬರೆಯದೆ ಸುಮ್ಮನಿರುವುದೇ ಒಳ್ಳೆಯದು, ಉಪ್ಪು ತಿಂದ ಮನೆ ಅಂದಳು. ವ್ಯಾಯಾಮ ಶಿಕ್ಷಕಿ, ಐದು ಕೊಟ್ಟು ಹಳ್ಳದ ಮಾತನ್ನು ಮೆಲ್ಲಗೆ ಸೇರಿಸೋಣ ಅಂದಳು. ದಾದಿ ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಮುಂದಿನ ವಾರ ಮಕ್ಕಳನ್ನು ಕಟ್ಟಿಕೊಂಡು ಯಾರಾದರೂ ಬಂದರೆ? ಅವರು ದಿಬ್ಬ ಕೇಳುತ್ತಾರೋ?” ಅಂದಳು. ನಮ್ಮ ಮನಸ್ಸಿನಲ್ಲಿದ್ದುದು ಬೇರೊಂದು. ಮೂಡಿಗೆರೆಯ ಆ ಸ್ಥಳದ ಕೆಳಗೆ ಎರಡು ಸಾಲು ಬರೆದಿದ್ದ ಹೆಂಗಸಿನ ಮುಖವನ್ನು ನಾವು ಕಂಡವರಲ್ಲ. ಆಕೆ ಮುಲಾಜಿಗೆ ಸುಮ್ಮನಿದ್ದಿದ್ದರೆ ನಾವು ಅಲ್ಲಿಗೇ ಹೋಗಿರುತ್ತಿದ್ದೆವು.

ಆದರೆ ಬರೆಯುವ ಮೊದಲು ಹೇಳಬೇಕಾದವರಿಗೆ ಹೇಳಬೇಕು. ನಾವು ಆ ಮನೆಗೆ ಫೋನು ಮಾಡಿ, ಬರೆಯಲಿರುವುದನ್ನು ಯಜಮಾನರಿಗೆ ಓದಿ ಹೇಳಿದೆವು: ಊಟವೂ ಉಪಚಾರವೂ ಮನೆಯವರ ಸಜ್ಜನಿಕೆಯೂ ನಾವು ಎಲ್ಲಿಯೂ ಕಾಣದಂಥವು, ಹೆಂಗಸರು ನಿರ್ಭಯವಾಗಿ ಹೋಗಬಹುದು, ಹಳ್ಳದ ದಂಡೆಯ ಡೇರೆಗಳಿಗೆ ಅಕ್ಟೋಬರದ ರಾತ್ರಿ ಮಳೆಯಲ್ಲಿ ನೀರು ನುಗ್ಗಿತು, ಮನೆಯ ಹಿಂದಿನ ದಿಬ್ಬದ ಮೇಲೆ ಜಾಗ ಕೇಳಿರಿ. ನಾಲ್ಕು ನಕ್ಷತ್ರ. ಆ ಕಡೆ ಸ್ವಲ್ಪ ಹೊತ್ತು ಮೌನ. “ನಿಮ್ಮಿಷ್ಟ ಅಮ್ಮಾ” ಎಂದು ಹೇಳಿ ಅವರು ಫೋನು ಇಟ್ಟರು. ಆ ಎರಡು ಮಾತು ಹಲವು ದಿನ ನಮ್ಮ ಕಿವಿಯಲ್ಲಿತ್ತು. ಅದೇ ಸಂಜೆ ಬರೆದು ಹಾಕಿದೆವು.

ಕ್ರಿಸ್ಮಸ್ ರಜೆಯ ಮೊದಲು, ಬೇರೆ ಸ್ಥಳವನ್ನು ಹುಡುಕುವಾಗ, ಆ ಮನೆಯ ಪುಟವನ್ನೂ ತೆರೆದು ನೋಡಿದೆವು. ನಮ್ಮ ಒಕ್ಕಣೆಯ ಮೇಲೆ ಹೊಸದಾಗಿ ಐದಾರು ಸೇರಿದ್ದುವು. ಒಂದರ ಚಿತ್ರದಲ್ಲಿ ಡೇರೆಗಳು ದಿಬ್ಬದ ಮೇಲೆ ಸಾಲಾಗಿ ನಿಂತಿದ್ದುವು. ಏರಿಹೋಗಲು ಮಣ್ಣಿನಲ್ಲಿ ಮೆಟ್ಟಲು ಕಡಿದು, ಪಕ್ಕಕ್ಕೆ ಬಿದಿರಿನ ಕೈಹಿಡಿ ಕಟ್ಟಿದ್ದರು. ಬರೆದವರು ಬೆಂಗಳೂರಿನ ಮಹನೀಯರು. ಊಟವನ್ನು ಬಹಳ ಹೊಗಳಿ, ಡೇರೆಯಿಂದ ಹಳ್ಳದ ತನಕ ಮೆಟ್ಟಲು ಇಳಿದು ಹೋಗಬೇಕಾದುದು ಸೊಂಟನೋವಿನವರಿಗೆ ಕಷ್ಟವೆಂದು ಆಕ್ಷೇಪಿಸಿ, ಮೂರು ನಕ್ಷತ್ರ ಕೊಟ್ಟಿದ್ದರು.